ಗುಳ್ಳೆಯೂ ಒಂದು ರುಚಿ: ಮನೆಯಲ್ಲೇ ಫ್ರೆಂಚ್ 75

ಜಿನ್, ನಿಂಬೆರಸ, ಸಕ್ಕರೆ, ಶಾಂಪೇನ್. ಫ್ರೆಂಚ್ 75 ಎಂಬ ಕಾಕ್‌ಟೇಲ್‌ಗೆ ಬೇಕಾದದ್ದು ಇಷ್ಟೇ. ಅಪರೂಪದ ಸಾಮಾನು ಹುಡುಕಬೇಕಿಲ್ಲ, ವರ್ಷಗಟ್ಟಲೆ ಕಲಿಯಬೇಕಾದ ಕೈಚಳಕವೂ ಬೇಡ. ಆದರೂ ಮನೆಯಲ್ಲಿ ಮಾಡಿದಾಗ ಅದು ಬಹಳ ಸಲ ಸಪ್ಪೆಯಾಗುತ್ತದೆ. ಜಿನ್ ಅಗ್ಗದ್ದು, ಅದಕ್ಕೇ ಹೀಗಾಯಿತು ಎನ್ನುತ್ತಾರೆ ಕೆಲವರು. ಶಾಂಪೇನ್ ಅಸಲಿಯಲ್ಲ ಎನ್ನುತ್ತಾರೆ ಇನ್ನು ಕೆಲವರು. ನನಗೆ ಇವೆರಡೂ ಸರಿಯಾದ ಕಾರಣ ಅನ್ನಿಸುವುದಿಲ್ಲ. ನಾಲ್ಕು ಪದಾರ್ಥಗಳನ್ನು ಜೋಪಾನವಾಗಿ ಅಳೆದವರು ಐದನೆಯದನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಅದು ವೈನ್‌ನಲ್ಲಿ ಕರಗಿ ಕುಳಿತಿರುವ ಇಂಗಾಲದ ಡೈಆಕ್ಸೈಡ್. ಗುಳ್ಳೆ ಇರುವುದು ನೋಡುವುದಕ್ಕೆ ಎಂದು ಭಾವಿಸಿದ ಕ್ಷಣದಿಂದಲೇ ಪಾನೀಯ ಕೆಡಲು ಶುರು. ಹುಳಿ, ಸಿಹಿ, ಕಹಿಗಳ ಸಾಲಿನಲ್ಲಿ ಗುಳ್ಳೆಗೂ ಒಂದು ಜಾಗವಿದೆ. ಅದನ್ನು ಕಾಪಾಡುವುದೇ ಇಲ್ಲಿನ ಅಸಲು ವಿದ್ಯೆ.

ಮೊದಲು ಹೆಸರಿನ ಕಥೆ. ಈ 75 ಒಂದು ಫಿರಂಗಿಯ ಬಾಯಿಯ ಅಳತೆ. ಫ್ರೆಂಚ್ ಸೇನೆ 1897ರಲ್ಲಿ ಅಳವಡಿಸಿಕೊಂಡ 75 ಮಿಲಿಮೀಟರ್ ಫಿರಂಗಿ ಆ ಕಾಲಕ್ಕೆ ಹೊಸ ಯುಗವನ್ನೇ ತೆರೆಯಿತು. ಅದಕ್ಕೂ ಹಿಂದಿನ ಫಿರಂಗಿಗಳು ಪ್ರತಿ ಗುಂಡಿಗೂ ಹಿಂದಕ್ಕೆ ಜಿಗಿಯುತ್ತಿದ್ದವು. ಮತ್ತೆ ತಳ್ಳಿ, ಮತ್ತೆ ಗುರಿ ಹಿಡಿಯಬೇಕಿತ್ತು. ಇದರಲ್ಲಿ ಆ ಒದೆತವನ್ನು ಎಣ್ಣೆ ಮತ್ತು ಒತ್ತಿಟ್ಟ ಗಾಳಿ ತುಂಬಿದ ಕೊಳವೆಗಳು ನುಂಗಿಕೊಳ್ಳುತ್ತಿದ್ದವು. ಗಾಡಿ ಕದಲುತ್ತಿರಲಿಲ್ಲ. ಪಳಗಿದ ತಂಡ ನಿಮಿಷಕ್ಕೆ ಹದಿನೈದು ಗುಂಡು ಹಾರಿಸಬಲ್ಲದಾಗಿತ್ತು. 1914ರ ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ಕದನದಲ್ಲಿ ಜರ್ಮನ್ ಸೇನೆಯನ್ನು ತಡೆದು ನಿಲ್ಲಿಸುವುದರಲ್ಲಿ ಈ ಫಿರಂಗಿಯ ಪಾಲು ದೊಡ್ಡದು. ಫ್ರೆಂಚರಿಗೆ ಅದು ಆಯುಧಕ್ಕಿಂತ ಹೆಚ್ಚಾಯಿತು, ದೇಶದ ಹೆಮ್ಮೆಯ ಗುರುತಾಯಿತು.

ಮಾರ್ನ್ ನದಿ ಹರಿಯುವುದು ಶಾಂಪೇನ್ ಸೀಮೆಯ ನಡುವೆಯೇ. ಅಂದರೆ ಆ ಫಿರಂಗಿಯೂ ಆ ವೈನ್ ಕೂಡ ಒಂದೇ ನೆಲದಲ್ಲಿ ಎದುರಾದವು. ಆ ಸೀಮೆಯ ದೊಡ್ಡ ಊರು ರೆನ್ಸ್. ಸೆಪ್ಟೆಂಬರಿನ ಆರಂಭದಲ್ಲಿ ಜರ್ಮನ್ನರು ಅದನ್ನು ಹಿಡಿದರು, ಕೆಲವೇ ದಿನಗಳಲ್ಲಿ ಬಿಟ್ಟು ಹಿಂದೆ ಸರಿದರು, ಆಮೇಲೆ ವರ್ಷಗಟ್ಟಲೆ ದೂರದಿಂದ ಗುಂಡು ಸುರಿಸಿದರು. ಫ್ರಾನ್ಸಿನ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಅಲ್ಲಿನ ಕೆಥೆಡ್ರಲ್ 19ನೇ ಸೆಪ್ಟೆಂಬರ್ 1914ರಂದು ಹೊತ್ತಿ ಉರಿಯಿತು. ಊರಿನ ಜನ ಇಳಿದದ್ದು ನೆಲದಡಿಯ ಶಾಂಪೇನ್ ನೆಲಮಾಳಿಗೆಗಳಿಗೆ. ರೋಮನ್ನರ ಕಾಲದಿಂದ ಸುಣ್ಣದ ಕಲ್ಲು ತೆಗೆದು ತೆಗೆದು ಉಂಟಾದ ಆಳವಾದ ಗವಿಗಳವು. ಅಲ್ಲೇ ಅಡುಗೆ, ಅಲ್ಲೇ ಶಾಲೆ, ಸುತ್ತಲೂ ಸಾಲು ಸಾಲು ಸೀಸೆ. ಆ ವರ್ಷದ ದ್ರಾಕ್ಷಿಯನ್ನು ಗುಂಡಿನ ಸದ್ದಿನ ನಡುವೆಯೇ ಕೊಯ್ದರು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಕೊಯ್ಲಿನ ಭಾರ ಬಿದ್ದದ್ದು ಹೆಂಗಸರು, ಮಕ್ಕಳು, ಮುದುಕರ ಮೇಲೆ. ಹಾಗೆ ಕೊಯ್ದ 1914ರ ವೈನ್ ಆ ಶತಮಾನದ ಶ್ರೇಷ್ಠ ಫಸಲುಗಳಲ್ಲಿ ಒಂದು ಎಂದು ಹೆಸರಾಯಿತು. ಶಾಂಪೇನ್ ಎಂದರೆ ಶೋಕಿಯ ಪಾನೀಯ ಎಂದಷ್ಟೇ ತಿಳಿದವರು ಈ ಸಂಗತಿಯನ್ನೂ ತಿಳಿದಿರಬೇಕು.

ಯುದ್ಧದ ಕಾಲದಲ್ಲೇ ಫಿರಂಗಿಯ ಹೆಸರು ಲೋಟಕ್ಕಿಳಿದಿತ್ತು. 1922ರಲ್ಲಿ ಪ್ರಕಟವಾದ ಹ್ಯಾರಿ ಮೆಕೆಲ್ಹೋನ್ ಮತ್ತು ರಾಬರ್ಟ್ ವರ್ಮೇರ್ ಅವರ ಕಾಕ್‌ಟೇಲ್ ಪುಸ್ತಕಗಳಲ್ಲಿ '75' ಎಂಬ ಪಾನೀಯವಿದೆ. ಆದರೆ ಅದು ಇವತ್ತಿನದಲ್ಲ. ಅದರಲ್ಲಿ ಜಿನ್ ಜೊತೆ ಸೇಬಿನ ಬ್ರಾಂದಿ ಕ್ಯಾಲ್ವಡೋಸ್ ಇದೆ, ದಾಳಿಂಬೆಯ ಕೆಂಪು ಪಾಕ ಗ್ರೆನಡೀನ್ ಇದೆ, ಗುಳ್ಳೆ ಇಲ್ಲ. ಜಿನ್, ನಿಂಬೆ, ಸಕ್ಕರೆ, ಶಾಂಪೇನ್ ಒಟ್ಟಾಗಿ ಫ್ರೆಂಚ್ 75 ಎಂಬ ಹೆಸರು ಪಡೆದದ್ದು 1927ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪುಟ್ಟ ಪುಸ್ತಕದಲ್ಲಿ. ಆಗ ಆ ದೇಶದಲ್ಲಿ ಪಾನನಿಷೇಧ. ಆ ನಿಷೇಧದಿಂದಾಗಿ ಅಮೆರಿಕದ ಕೆಲಸ ಬಿಟ್ಟು ಲಂಡನ್ನಿಗೆ ಮರಳಿದ್ದ ಹ್ಯಾರಿ ಕ್ರಾಡಕ್ ಎಂಬ ಬಾರ್ಟೆಂಡರ್ 1930ರಲ್ಲಿ 'ಸವಾಯ್ ಕಾಕ್‌ಟೇಲ್ ಬುಕ್' ಪ್ರಕಟಿಸಿದ; ಅದರಲ್ಲಿ ಸೇರಿದ ಮೇಲೆ ಫ್ರೆಂಚ್ 75 ಜಗತ್ತಿನ ಬಾರುಗಳಿಗೆಲ್ಲ ಹಬ್ಬಿತು. 1942ರ 'ಕಾಸಾಬ್ಲಾಂಕಾ' ಚಿತ್ರದಲ್ಲಿ ರಿಕ್‌ನ ಕೆಫೆಗೆ ಬಂದವರು ಇದನ್ನೇ ಕೇಳಿ ತರಿಸಿಕೊಳ್ಳುತ್ತಾರೆ. ಹೆಸರು ಹುಟ್ಟುವ ಮೊದಲೂ ಜಿನ್ನಿಗೆ ಶಾಂಪೇನ್ ಬೆರೆಸುವವರು ಇದ್ದರು. 1867ರಲ್ಲಿ ಬಾಸ್ಟನ್ನಿಗೆ ಹೋದ ಚಾರ್ಲ್ಸ್ ಡಿಕನ್ಸ್ ತನ್ನ ಅತಿಥಿಗಳಿಗೆ ಜಿನ್-ಶಾಂಪೇನ್ ಪಾನೀಯ ಕೊಡುತ್ತಿದ್ದನೆಂದು ಹೇಳುತ್ತಾರೆ.

ಜಿನ್ ಬದಲು ದ್ರಾಕ್ಷಿಯ ಬ್ರಾಂದಿ ಕೊನ್ಯಾಕ್ ಹಾಕಬೇಕೆಂಬ ಪಕ್ಷವೂ ಒಂದಿದೆ. 1948ರಲ್ಲಿ ಡೇವಿಡ್ ಎಂಬರಿ ತನ್ನ ಪುಸ್ತಕದಲ್ಲಿ ಇದನ್ನು ಗಟ್ಟಿಯಾಗಿ ವಾದಿಸಿದ. ನ್ಯೂ ಆರ್ಲಿಯನ್ಸ್‌ನ ಹೆಸರಾಂತ ಆರ್ನೋಸ್ ರೆಸ್ಟೋರೆಂಟಿನ ಬಾರಿನಲ್ಲಿ ಇಂದಿಗೂ ಕೊನ್ಯಾಕ್‌ನದ್ದೇ ನಡೆಯುತ್ತದೆ. ಚಳಿಗಾಲದ ರಾತ್ರಿಗೆ ಅದು ಚೆನ್ನ, ಒಪ್ಪುತ್ತೇನೆ. ಬೇಸಿಗೆಗೆ ಜಿನ್ನೇ ಸರಿ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಈಗ ಗುಳ್ಳೆಯ ವಿಚಾರ. ಸೋಡಾ ಕುಡಿದಾಗ ನಾಲಿಗೆಯ ಮೇಲೆ ಚುರುಗುಟ್ಟುವುದು ಗುಳ್ಳೆಗಳು ಒಡೆಯುವುದರಿಂದ ಎಂದು ನಾವೆಲ್ಲ ಭಾವಿಸಿದ್ದೇವೆ. ಆದರೆ ಒತ್ತಡ ಹೆಚ್ಚಿಸಿದ ಕೋಣೆಯಲ್ಲಿ ಕೂರಿಸಿ ಸೋಡಾ ಕುಡಿಸಿದಾಗ ಗುಳ್ಳೆ ಏಳುವುದೇ ಇಲ್ಲ, ಚುರುಗುಡುವುದು ಮಾತ್ರ ಹಾಗೇ ಇರುತ್ತದೆ. ಅಮೆರಿಕದ ಸಂಶೋಧಕರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಚುರುಕು ಇರುವುದು ಕರಗಿದ ಅನಿಲದಲ್ಲಿ. 2009ರಲ್ಲಿ ಜಯರಾಮ್ ಚಂದ್ರಶೇಖರ್ ಮೊದಲ ಲೇಖಕರಾಗಿ, ಚಾರ್ಲ್ಸ್ ಜುಕರ್ ಅವರ ಪ್ರಯೋಗಾಲಯದ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಇದರ ಒಳಗುಟ್ಟನ್ನು ಪ್ರಕಟಿಸಿತು. ನಾಲಿಗೆಯಲ್ಲಿ ಹುಳಿಯನ್ನು ಗುರುತಿಸುವ ಜೀವಕೋಶಗಳ ಹೊರಮೈಯಲ್ಲೊಂದು ಕಿಣ್ವವಿದೆ. ಅದು ಇಂಗಾಲದ ಡೈಆಕ್ಸೈಡನ್ನು ಕ್ಷಣಮಾತ್ರದಲ್ಲಿ ಆಮ್ಲವಾಗಿಸುತ್ತದೆ, ಕೋಶ ಅದನ್ನು ಹುಳಿ ಎಂದು ಮಿದುಳಿಗೆ ಹೇಳುತ್ತದೆ. ಇದರ ಮೇಲೆ ನೋವಿನ ನರಗಳಿಗೂ ತುಸು ಉರಿ ತಾಗುತ್ತದೆ. ಪರ್ವತಾರೋಹಿಗಳು ಎತ್ತರದ ಬೇನೆಗೆ ಅಸೆಟಜೋಲಮೈಡ್ ಎಂಬ ಔಷಧ ನುಂಗುತ್ತಾರಲ್ಲ, ಅದು ಇದೇ ಬಗೆಯ ಕಿಣ್ವವನ್ನು ತಡೆಯುತ್ತದೆ. ಶಿಖರ ಏರಿ ಬಂದು ಸಂಭ್ರಮಕ್ಕೆಂದು ಶಾಂಪೇನ್ ಕುಡಿದರೆ ಅವರಿಗೆ ಅದು ಸಪ್ಪೆ ಅನ್ನಿಸುವುದು ಇದರಿಂದಲೇ.

ಇದನ್ನು ತಿಳಿದ ಮೇಲೆ ಫ್ರೆಂಚ್ 75ರ ಲೆಕ್ಕವೇ ಬೇರೆಯಾಗಿ ಕಾಣುತ್ತದೆ. ಅದರಲ್ಲಿ ಹುಳಿ ಎರಡು. ಒಂದು ನಿಂಬೆಯದು, ನಾಲಿಗೆಯ ಮೇಲೆ ನಿಲ್ಲುವಂಥದು. ಇನ್ನೊಂದು ಅನಿಲದ್ದು, ಚುರುಕ್ಕೆಂದು ಬಂದು ಹೋಗುವಂಥದು. ಸಕ್ಕರೆಯನ್ನು ಇವೆರಡಕ್ಕೂ ಸೇರಿಸಿ ಅಳೆದಿರುತ್ತೇವೆ. ಅನಿಲ ಹಾರಿಹೋದರೆ ಒಂದು ಹುಳಿ ಕಳಚಿಕೊಂಡು ಸಿಹಿ ಮಾತ್ರ ಹಾಗೇ ಉಳಿಯುತ್ತದೆ. ಮನೆಯಲ್ಲಿ ಮಾಡಿದ ಪಾನೀಯ ಸಪ್ಪೆ, ಜಿಗುಟು ಎಂದು ದೂರುವವರ ಲೋಟದಲ್ಲಿ ಆಗಿರುವುದು ಇದೇ.

ಅನಿಲವನ್ನು ಹಿಡಿದಿಡುವ ದೊಡ್ಡ ಉಪಾಯ ತಂಪು. 0 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಕರಗುವಷ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಅರ್ಧದಷ್ಟೇ 20 ಡಿಗ್ರಿಯ ನೀರಿನಲ್ಲಿ ಕರಗೀತು. ಶಾಂಪೇನ್ ಸೀಸೆಯೊಳಗಿನ ಒತ್ತಡ ಐದಾರು ವಾಯುಮಂಡಲದಷ್ಟು. ಕಾರಿನ ಚಕ್ರದಲ್ಲಿ ತುಂಬುವ ಗಾಳಿಯ ಎರಡು ಪಟ್ಟಿಗಿಂತಲೂ ಹೆಚ್ಚು. 750 ಮಿ.ಲೀ. ಸೀಸೆಯಲ್ಲಿ ಸುಮಾರು 9 ಗ್ರಾಂ ಅನಿಲ ಕರಗಿರುತ್ತದೆ. ಅದಷ್ಟೂ ಹೊರಬಂದರೆ ಐದು ಲೀಟರ್ ಜಾಗ ತುಂಬುತ್ತದೆ. ಇಷ್ಟನ್ನು ಉಳಿಸಿಕೊಳ್ಳಬೇಕಾದರೆ ಎಲ್ಲವೂ ತಣ್ಣಗಿರಬೇಕು, ವೈನ್ ಮಾತ್ರ ತಣ್ಣಗಿದ್ದರೆ ಸಾಲದು. ಲೋಟ ತಣ್ಣಗಿರಬೇಕು, ಜಿನ್ ತಣ್ಣಗಿರಬೇಕು, ನಿಂಬೆ-ಸಕ್ಕರೆಯ ಮಿಶ್ರಣವೂ ತಣ್ಣಗಿರಬೇಕು. ಬೆಚ್ಚಗಿನ ಮಿಶ್ರಣದ ಮೇಲೆ ತಂಪು ಶಾಂಪೇನ್ ಸುರಿದರೆ ಬುಸ್ಸೆಂದು ನೊರೆ ಉಕ್ಕುತ್ತದೆ. ನೋಡಲು ಚೆಂದ, ಕುಡಿಯಲು ಏನೂ ಉಳಿದಿರುವುದಿಲ್ಲ.

ರೆನ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲಿಜೆ-ಬೆಲೇರ್ ಶಾಂಪೇನ್ ಗುಳ್ಳೆಗಳನ್ನೇ ತಮ್ಮ ಅಧ್ಯಯನವಾಗಿಸಿಕೊಂಡವರು. ಗುಳ್ಳೆ ಹುಟ್ಟುವುದು ಗಾಜಿನಿಂದಲ್ಲ, ಗಾಜಿಗೆ ಅಂಟಿದ ಬಟ್ಟೆಯ ನಾರಿನ ಚೂರುಗಳಿಂದ ಎಂದು ಅವರ ತಂಡ ತೋರಿಸಿತು. ಆ ನಾರಿನ ಕೊಳವೆಯೊಳಗೆ ಸಿಕ್ಕಿಕೊಂಡ ಗಾಳಿಯೇ ಗುಳ್ಳೆಯ ಬೀಜ. ನಿಂಬೆಯ ತಿರುಳು, ಪುಡಿಮಾಡಿದ ಐಸ್, ಕರಗದ ಸಕ್ಕರೆಯ ಹರಳು, ಇವೆಲ್ಲವೂ ಅಂಥದೇ ಬೀಜಗಳು. ಆದ್ದರಿಂದ ನಿಂಬೆರಸವನ್ನು ಟೀ ಸೋಸುವ ಜರಡಿಯಲ್ಲಿ ಸೋಸಲೇಬೇಕು, ಸಕ್ಕರೆಯನ್ನು ಪಾಕವಾಗಿಸಿಯೇ ಹಾಕಬೇಕು. 2010ರಲ್ಲಿ ಅದೇ ತಂಡ ಇನ್ನೊಂದನ್ನೂ ಅಳೆದು ಹೇಳಿತು: ಲೋಟವನ್ನು ಓರೆಯಾಗಿಸಿ, ಬಿಯರ್ ಸುರಿಯುವಂತೆ ಅಂಚಿನ ಮೇಲೆ ಜಾರಿಸಿದರೆ, ನೇರವಾಗಿ ನಡುವೆ ಸುರಿದದ್ದಕ್ಕಿಂತ ಹೆಚ್ಚು ಅನಿಲ ಉಳಿಯುತ್ತದೆ. ನಮ್ಮೂರ ಬಾರುಗಳಲ್ಲಿ ಬಿಯರಿಗೆ ತೋರಿಸುವ ಈ ಮರ್ಯಾದೆಯನ್ನು ಶಾಂಪೇನಿಗೂ ತೋರಿಸಿದರೆ ಸಾಕು.

ಜಿನ್ನಿಗೆ ಬರೋಣ. ಜೂನಿಪರ್ ಎಂಬ ಪೊದೆಯ ನೀಲಿಕಪ್ಪು ಕಾಯಿ ಇಲ್ಲದೆ ಜಿನ್ ಇಲ್ಲ. ಹಿಮಾಲಯದಲ್ಲೂ ಬೆಳೆಯುವ ಇದು ಆಯುರ್ವೇದದಲ್ಲಿ ಹಪುಷಾ. ಅದರ ನಂತರದ ಸ್ಥಾನ ಕೊತ್ತಂಬರಿ ಬೀಜದ್ದು. ಅದರ ಜೊತೆಗೆ ಆಂಜೆಲಿಕಾ ಬೇರು, ಒಣಗಿಸಿದ ಕಿತ್ತಳೆ ಮತ್ತು ನಿಂಬೆಯ ಸಿಪ್ಪೆ. ನಿಂಬೆಜಾತಿಯ ಸಿಪ್ಪೆಯ ಪರಿಮಳಕ್ಕೆ ಕಾರಣವಾದ ಲಿಮೊನೀನ್ ಎಂಬ ಎಣ್ಣೆ, ಜೂನಿಪರ್‌ನ ಪೈನೀನ್, ಕೊತ್ತಂಬರಿಯ ಲಿನಲೂಲ್, ಮೂರೂ ಟರ್ಪೀನ್ ವರ್ಗದ ಬಂಧುಗಳು. ಜಿನ್ನಿಗೆ ನಿಂಬೆ ಇಷ್ಟು ಚೆನ್ನಾಗಿ ಹೊಂದುವುದು ಇದರಿಂದ. ಬಟ್ಟಿ ಇಳಿಸುವಾಗಲೇ ಅದರೊಳಗೆ ನಿಂಬೆಯ ಕುಟುಂಬ ಸೇರಿಕೊಂಡಿರುತ್ತದೆ, ಲೋಟದಲ್ಲಿ ನಾವು ಹಿಂಡುವ ರಸ ಅದನ್ನು ಎಚ್ಚರಿಸುತ್ತದೆ. ಓಕ್ ಪೀಪಾಯಿಯಲ್ಲಿ ಮಾಗಿದ ಕೊನ್ಯಾಕ್‌ಗೆ ಈ ಗುಣವಿಲ್ಲ. ಬೇಸಿಗೆಗೆ ಜಿನ್ನೇ ಸರಿ ಎಂದದ್ದು ಇದಕ್ಕೆ.

ಯಾವ ಜಿನ್? 'ಲಂಡನ್ ಡ್ರೈ' ಎಂದು ಬರೆದಿರುವ ಯಾವುದಾದರೂ ಆದೀತು. ಅದು ಲಂಡನ್ನಿನಲ್ಲೇ ತಯಾರಾಗಬೇಕೆಂದಿಲ್ಲ. ಬಟ್ಟಿ ಇಳಿಸಿದ ಮೇಲೆ ಸುವಾಸನೆ, ಬಣ್ಣ ಬೆರೆಸಿಲ್ಲ ಎಂಬುದಕ್ಕೆ ಅದು ಗುರುತು. ಕಳೆದ ದಶಕದಲ್ಲಿ ಗೋವಾ ನಮ್ಮ ದೇಶದ ಜಿನ್ ತವರಾಗಿದೆ. 2017ರಲ್ಲಿ ಬಂದ ಗ್ರೇಟರ್ ದ್ಯಾನ್, ಹಿಮಾಲಯದ ಜೂನಿಪರ್ ಬಳಸುವ ಹಪುಸಾ, 2018ರ ಸ್ಟ್ರೇಂಜರ್ ಆ್ಯಂಡ್ ಸನ್ಸ್ ಅಲ್ಲಿನವು. ಬೆಂಗಳೂರಿನ ಅಮೃತ್ ಡಿಸ್ಟಿಲರಿ ನೀಲಗಿರಿಯ ಚಹಾ ಸೇರಿಸಿ 'ನೀಲಗಿರೀಸ್' ಎಂಬ ಜಿನ್ ತಯಾರಿಸುತ್ತದೆ. ಈ ಪಾನೀಯಕ್ಕೆ ಜೂನಿಪರ್ ಮುಂದಿರುವ, ಮಸಾಲೆ ಕಡಿಮೆಯಿರುವ ಜಿನ್ ನನ್ನ ಆಯ್ಕೆ. ಬಣ್ಣಬಣ್ಣದ, ಹಣ್ಣಿನ ವಾಸನೆ ಬೆರೆಸಿದ ಜಿನ್‌ಗಳು ಬೇಡ. ಅವು ಶಾಂಪೇನಿನ ನಾಜೂಕು ಪರಿಮಳವನ್ನು ತುಳಿದುಬಿಡುತ್ತವೆ.

ನಿಂಬೆಯ ವಿಚಾರದಲ್ಲಿ ನಾವು ಎಚ್ಚರ ವಹಿಸಬೇಕು. ಪ್ಯಾರಿಸ್, ಲಂಡನ್ನಿನ ಪುಸ್ತಕಗಳು ಹೇಳುವುದು ಅಲ್ಲಿನ ದಪ್ಪ ಸಿಪ್ಪೆಯ, ಉದ್ದನೆಯ ಹಳದಿ ಹಣ್ಣನ್ನು. ನಮ್ಮ ಸಂತೆಯಲ್ಲಿ ಸಿಗುವ ತೆಳು ಸಿಪ್ಪೆಯ ಗುಂಡು ನಿಂಬೆ ಬೇರೆ ಜಾತಿ. ಅವರ ಹಣ್ಣಿನಲ್ಲಿ ಬಹುಪಾಲು ಸಿಟ್ರಿಕ್ ಆಮ್ಲ. ನಮ್ಮದರ ವರ್ಗದಲ್ಲಿ ಅದರ ಜೊತೆ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವೂ ಸೇರಿ ಹುಳಿ ಹೆಚ್ಚು ಚೂಪು, ಜೊತೆಗೆ ಒಂದಿಷ್ಟು ಒಗರು. ಇಂಡಿ, ವಿಜಯಪುರ ಕಡೆಯ ನಿಂಬೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು ಸುಮ್ಮನೆ ಅಲ್ಲ, ಅದರ ರಸ ಮತ್ತು ಪರಿಮಳ ಎರಡೂ ಜೋರು. ಹಾಗಾಗಿ ಪುಸ್ತಕದಲ್ಲಿ 15 ಮಿ.ಲೀ. ಎಂದಿದ್ದರೆ ನಮ್ಮ ನಿಂಬೆಯದ್ದು 12 ಮಿ.ಲೀ. ಹಾಕಿ ರುಚಿ ನೋಡುವುದು ಮೇಲು. ಸಿಪ್ಪೆಯ ಪರಿಮಳಕ್ಕೆ ಮಾತ್ರ ಗಜನಿಂಬೆ ತನ್ನಿ. ಅದರ ದಪ್ಪ ಸಿಪ್ಪೆಯನ್ನು ಚಾಕುವಿನಿಂದ ತೆಳ್ಳಗೆ, ಒಳಗಿನ ಬಿಳಿ ಬಾರದಂತೆ ಹೆರೆದರೆ ಎಣ್ಣೆ ಯಥೇಚ್ಛ.

ಅಂದಹಾಗೆ, ಈ ಹಣ್ಣುಗಳೆಲ್ಲವೂ ಮೂಲದಲ್ಲಿ ನಮ್ಮ ನೆರೆಹೊರೆಯವೇ. 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ವಂಶವಾಹಿ ಅಧ್ಯಯನ ನಿಂಬೆ-ಕಿತ್ತಳೆ ಕುಲದ ತವರನ್ನು ಹಿಮಾಲಯದ ಆಗ್ನೇಯ ತಪ್ಪಲು ಎಂದು ಗುರುತಿಸಿತು. ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನಾದ ಯುನ್ನಾನ್ ಕೂಡುವ ನಾಡು ಅದು. ಚಕ್ಕೋತ, ಮಾದಲ, ಸಣ್ಣ ಕಿತ್ತಳೆ ಈ ಕುಲದ ಮೂಲಪುರುಷರು. ಚಕ್ಕೋತ ಮತ್ತು ಸಣ್ಣ ಕಿತ್ತಳೆ ಕೂಡಿ ಹುಳಿ ಕಿತ್ತಳೆ ಆಯಿತು. ಅದಕ್ಕೆ ಮಾದಲ ಕೂಡಿದಾಗ ಯುರೋಪಿನವರು ಇಂದು ಹಿಂಡುವ ಹಳದಿ ಹಣ್ಣು ಹುಟ್ಟಿತು. ದೇವನಹಳ್ಳಿಯ ಚಕ್ಕೋತವನ್ನು ಸುಲಿಯುವಾಗ ನಾವು ಆ ಹಣ್ಣಿನ ಅಜ್ಜನನ್ನೇ ಸುಲಿಯುತ್ತಿದ್ದೇವೆ. ಶಾಂಪೇನ್ ಪೂರಾ ಫ್ರಾನ್ಸಿನದು, ಆದರೆ ಅದಕ್ಕೆ ಬಿದ್ದ ಹುಳಿ ಏಷ್ಯಾದಿಂದ ಹೋದದ್ದು.

ಪಾಕಕ್ಕೆ 100 ಗ್ರಾಂ ಸಕ್ಕರೆ, 100 ಮಿ.ಲೀ. ನೀರು. ಸಣ್ಣ ಉರಿಯಲ್ಲಿ ಸಕ್ಕರೆ ಕರಗಿದ ಕೂಡಲೇ ಒಲೆ ಆರಿಸಿ. ಒಂದೆಳೆ ಪಾಕದ ಹತ್ತಿರಕ್ಕೂ ಹೋಗಬಾರದು, ನೀರು ಆವಿಯಾದಷ್ಟೂ ಅಳತೆ ತಪ್ಪುತ್ತದೆ. ಸುಮಾರು 160 ಮಿ.ಲೀ. ಪಾಕ ಬರುತ್ತದೆ, ಅಂದರೆ ಹತ್ತು ಲೋಟಕ್ಕೆ ಸಾಕು. ಆರಿದ ಮೇಲೆ ಫ್ರಿಜ್‌ನಲ್ಲಿ ಎರಡು ವಾರ ಇಡಬಹುದು. ಇನ್ನೂ ಸೊಗಸು ಬೇಕೆಂದರೆ ಗಜನಿಂಬೆಯ ಸಿಪ್ಪೆಯನ್ನು ಸಕ್ಕರೆಯಲ್ಲಿ ತಿಕ್ಕಿ ನಾಲ್ಕು ಗಂಟೆ ಬಿಡಿ. ಸಕ್ಕರೆ ಅದರ ಎಣ್ಣೆಯನ್ನು ಹೀರಿ ಒದ್ದೆಯಾಗುತ್ತದೆ. ಆಮೇಲೆ ಬಿಸಿನೀರು ಹಾಕಿ ಕರಗಿಸಿ ಸೋಸಿದರೆ ಸಿಹಿಯ ಜೊತೆ ನಿಂಬೆಯ ಘಮವೂ ಪಾಕದಲ್ಲಿ ನಿಲ್ಲುತ್ತದೆ. ಇದೊಂದೇ ಹೆಜ್ಜೆ ಸಾಧಾರಣ ಪಾನೀಯವನ್ನು ಉತ್ತಮ ಮಾಡಬಲ್ಲದು ಎಂಬುದು ನನ್ನ ಅನುಭವ.

ವೈನ್ ಕೊಳ್ಳುವಾಗ ಸೀಸೆಯ ಮೇಲೆ 'ಬ್ರೂಟ್' ಎಂದು ಬರೆದಿದೆಯೇ ನೋಡಿ. ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇರುವುದಕ್ಕೆ ಆ ಹೆಸರು. 'ಎಕ್ಸ್‌ಟ್ರಾ ಡ್ರೈ' ಎಂಬುದು ಕೇಳಲು ಒಣಗಿದ್ದರೂ ಬ್ರೂಟ್‌ಗಿಂತ ಸಿಹಿ. 'ಡೆಮಿ-ಸೆಕ್' ಅಂತೂ ಸಿಹಿಯೇ ಸಿಹಿ. ಪಾಕ ಹೇಗೂ ಹಾಕುತ್ತೇವಾದ್ದರಿಂದ ವೈನ್ ಸಿಹಿ ಇರಬಾರದು. ಶಾಂಪೇನ್ ಎಂಬ ಹೆಸರು ಆ ಸೀಮೆಯದ್ದಕ್ಕೆ ಮಾತ್ರ ಸಲ್ಲುತ್ತದೆ, ನಮ್ಮಲ್ಲಿ ಅದರ ಬೆಲೆ ಕೈ ಸುಡುತ್ತದೆ. ಅಷ್ಟು ದುಬಾರಿಯದನ್ನು ನಿಂಬೆ, ಜಿನ್ ಜೊತೆ ಬೆರೆಸುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಹಾಗೇ ಕುಡಿಯುವುದೇ ನ್ಯಾಯ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ಝಾಂಪಾ, ನಾಸಿಕ್‌ನ ಸುಲಾ ತಯಾರಿಸುವ ಸ್ಪಾರ್ಕ್ಲಿಂಗ್ ವೈನ್ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಮುಖ್ಯವಾದದ್ದು ಸೀಸೆ ಆಗತಾನೇ ತೆರೆದದ್ದಾಗಿರಬೇಕು. ನಿನ್ನೆ ತೆರೆದ ದುಬಾರಿ ಶಾಂಪೇನಿಗಿಂತ ಈಗ ತೆರೆದ ಸ್ಥಳೀಯ ವೈನ್ ಎಷ್ಟೋ ಮೇಲು.

ಸೀಸೆಯನ್ನು ಫ್ರಿಜ್‌ನ ಬಾಗಿಲಲ್ಲಿಡದೆ ಒಳಗೆ, ಹಿಂಬದಿಗೆ ನಾಲ್ಕು ಗಂಟೆ ಇಡಿ. ಬಾಗಿಲು ಫ್ರಿಜ್‌ನ ಅತಿ ಬೆಚ್ಚಗಿನ ಜಾಗ. ಹೊತ್ತಿಲ್ಲದಿದ್ದರೆ ಬಕೆಟ್ಟಿನಲ್ಲಿ ಐಸ್, ನೀರು, ಒಂದು ಹಿಡಿ ಉಪ್ಪು ಹಾಕಿ ಅರ್ಧ ಗಂಟೆ ಮುಳುಗಿಸಿ. ಫ್ರೀಜರಿನಲ್ಲಿ ಇಟ್ಟು ಮರೆತರೆ ಸೀಸೆ ಒಡೆಯುತ್ತದೆ. ಜಿನ್ ಹಾಗಲ್ಲ, ಅದು ಮನೆಯ ಫ್ರೀಜರಿನಲ್ಲಿ ಹೆಪ್ಪುಗಟ್ಟುವುದಿಲ್ಲ, ಧೈರ್ಯವಾಗಿ ಇಡಬಹುದು.

ಬಿರಡೆ ತೆಗೆಯುವಾಗ ಚಿಮ್ಮಿಸುವ ಚಟ ಬಿಡಬೇಕು. ಒಳಗಿನ ಒತ್ತಡ ಎಷ್ಟೆಂದು ಆಗಲೇ ಹೇಳಿದ್ದೇನೆ, ಹಾರಿದ ಬಿರಡೆ ಕಣ್ಣು ಕಳೆಯಬಲ್ಲದು. ಸೀಸೆಯ ಬಾಯನ್ನು ಯಾರ ಕಡೆಗೂ ತಿರುಗಿಸದೆ 45 ಡಿಗ್ರಿ ಓರೆಯಾಗಿ ಹಿಡಿಯಿರಿ. ತಂತಿಯನ್ನು ಸಡಿಲಿಸಿದ ಗಳಿಗೆಯಿಂದ ಹೆಬ್ಬೆರಳು ಬಿರಡೆಯ ಮೇಲಿಂದ ಕದಲಬಾರದು. ಬಿರಡೆಯನ್ನು ಒಂದು ಬಟ್ಟೆಯಿಂದ ಬಿಗಿಹಿಡಿದು ಸೀಸೆಯನ್ನು ತಿರುಗಿಸಿ. 'ಢಬ್' ಎನ್ನುವ ಬದಲು 'ಸ್ಸ್' ಎಂದು ಮೆಲ್ಲಗೆ ಬಿಟ್ಟುಕೊಂಡರೆ ಸರಿಯಾಗಿ ತೆರೆದಿದ್ದೀರಿ ಎಂದರ್ಥ. ಸದ್ದು ಜೋರಾದಷ್ಟೂ ಅನಿಲ ನಷ್ಟ.

ಇನ್ನು ಮಾಡುವ ಕ್ರಮ. ಅಂತರರಾಷ್ಟ್ರೀಯ ಬಾರ್ಟೆಂಡರುಗಳ ಸಂಘ ಒಪ್ಪಿರುವ ಅಳತೆ ಹೀಗಿದೆ: ಜಿನ್ 30 ಮಿ.ಲೀ., ಅಂದರೆ ನಮ್ಮ ಕಡೆಯ ಒಂದು 'ಸ್ಮಾಲ್'. ನಿಂಬೆರಸ 15, ಪಾಕ 15, ಶಾಂಪೇನ್ 60. ಶೇಕರ್ ಇಲ್ಲವೆಂದು ಕೊರಗಬೇಕಿಲ್ಲ, ಅಗಲ ಬಾಯಿಯ, ಬಿಗಿ ಮುಚ್ಚಳದ ಜಾರ್ ನಡೆಯುತ್ತದೆ. ಉಪ್ಪಿನಕಾಯಿಯ ವಾಸನೆ ಮಾತ್ರ ಇರಬಾರದು. ಜಿನ್, ಆಗತಾನೇ ಹಿಂಡಿ ಸೋಸಿದ ರಸ, ಪಾಕ ಮೂರನ್ನೂ ಜಾರಿಗೆ ಹಾಕಿ. ಫ್ರೀಜರಿನಿಂದ ಅದೇ ಹೊತ್ತಿಗೆ ತೆಗೆದ ಗಟ್ಟಿ ಐಸ್ ತುಂಡುಗಳನ್ನು ತುಂಬಿ. ತಟ್ಟೆಯಲ್ಲಿ ಕಾಲು ಗಂಟೆ ಬೆವರುತ್ತಾ ಕೂತ ಐಸ್ ನೀರನ್ನೇ ಹೆಚ್ಚು ಬಿಡುತ್ತದೆ. ಮುಚ್ಚಳ ಬಿಗಿಮಾಡಿ ಹತ್ತು ಸೆಕೆಂಡು ಜೋರಾಗಿ ಕುಲುಕಿ. ಐಸ್ ಕರಗಿ 25 ಮಿ.ಲೀ. ಆಸುಪಾಸು ನೀರು ಸೇರಿಕೊಳ್ಳುತ್ತದೆ. ಆ ನೀರೂ ಪಾಕವಿಧಾನದ ಭಾಗವೇ, ಅದಿಲ್ಲದೆ ಪಾನೀಯ ಒರಟು. ಮದ್ಯ ಇರುವುದರಿಂದ ಮಿಶ್ರಣ 0 ಡಿಗ್ರಿಗಿಂತಲೂ ಕೆಳಗೆ ತಣ್ಣಗಾಗುತ್ತದೆ. ಶಾಂಪೇನನ್ನಾಗಲಿ ಸೋಡಾವನ್ನಾಗಲಿ ಜಾರಿಗೆ ಹಾಕಿ ಕುಲುಕಲೇಬಾರದು, ಮುಚ್ಚಳ ಸಿಡಿಯುತ್ತದೆ.

ಫ್ರೀಜರಿನಲ್ಲಿ ತಣ್ಣಗಾಗಿಸಿದ ಕಿರಿದಾದ ಎತ್ತರದ ಲೋಟಕ್ಕೆ ಮಿಶ್ರಣವನ್ನು ಜರಡಿಯ ಮೂಲಕ ಸೋಸಿ. ಲೋಟದಲ್ಲಿ ಎಣ್ಣೆ ಪಸೆಯಾಗಲಿ ಸಾಬೂನಾಗಲಿ ಉಳಿದಿರಬಾರದು, ಎರಡೂ ನೊರೆಯನ್ನು ಕೊಲ್ಲುತ್ತವೆ. ಲೋಟ ಓರೆ ಹಿಡಿದು ವೈನನ್ನು ಅಂಚಿನಿಂದ ಇಳಿಸಿ. ಉದ್ದ ಚಮಚವನ್ನು ತಳಕ್ಕೆ ಬಿಟ್ಟು ಒಮ್ಮೆ ಮೇಲಕ್ಕೆ ಎತ್ತಿ, ಸಾಕು. ಕಲಕಬೇಡಿ. ಗಜನಿಂಬೆಯ ಸಿಪ್ಪೆಯ ಹೊರಮೈಯನ್ನು ಲೋಟದ ಬಾಯಿಯ ಕಡೆ ಹಿಡಿದು ಹಿಚುಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಮೇಲೆ ಬೀಳುತ್ತವೆ. ಮೂಗಿಗೆ ಮೊದಲು ತಾಗುವುದು ಅದೇ.

ಕಿರಿದಾದ ಲೋಟವೇ ಆಗಬೇಕೆಂದು ಶಾಸ್ತ್ರವೇನಿಲ್ಲ. ಕ್ರಾಡಕ್‌ನ 1930ರ ವಿಧಾನ ಹೇಳುವುದು ಐಸ್ ತುಂಬಿದ ಎತ್ತರದ ಲೋಟವನ್ನು. ಮಾರ್ಚ್-ಏಪ್ರಿಲ್‌ನ ಕಲಬುರಗಿ, ರಾಯಚೂರಿನ ಸಂಜೆಗೆ ಅದೇ ಲೇಸು. ಐಸ್ ದೊಡ್ಡ ತುಂಡಾಗಿರಲಿ. ಚೂರು ಮಾಡಿದಷ್ಟೂ ಗುಳ್ಳೆ ಬೇಗ ಹಾರುತ್ತದೆ.

ವೈನ್ ಸಿಗದಿದ್ದರೆ ಸೋಡಾ. ಆಗ ಅದು ಫ್ರೆಂಚ್ 75 ಆಗಿ ಉಳಿಯುವುದಿಲ್ಲ, ಟಾಮ್ ಕಾಲಿನ್ಸ್ ಆಗುತ್ತದೆ. ಅಮೆರಿಕದ ಜೆರ್ರಿ ಥಾಮಸ್‌ನ ಪುಸ್ತಕದ 1876ರ ಆವೃತ್ತಿಯಲ್ಲೇ ಅದು ಇದೆ. ಜಿನ್ 45 ಮಿ.ಲೀ., ನಿಂಬೆರಸ 30, ಪಾಕ 15, ಸೋಡಾ 60. ನಮ್ಮ ನಿಂಬೆಯಾದರೆ ರಸ 20ಕ್ಕೆ ಇಳಿಸಿ. ದೊಡ್ಡ ಸೋಡಾ ಬಾಟಲಿ ಬೇಡ, ಚಿಕ್ಕದನ್ನು ತನ್ನಿ, ಪ್ರತಿ ಸುತ್ತಿಗೂ ಹೊಸದನ್ನು ತೆರೆಯಿರಿ. ಗೋಲಿ ಸೋಡಾ ಸಿಗುವ ಊರಾದರೆ ಅದನ್ನೇ ಬಳಸಿ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದ ಆ ಸೀಸೆಯಲ್ಲಿ ಗೋಲಿಯನ್ನು ಬಾಯಿಗೆ ಒತ್ತಿಹಿಡಿಯುವುದು ಒಳಗಿನ ಅನಿಲವೇ. ಅದರ ಒತ್ತಡ ಇಳಿದರೆ ಸೀಸೆಯೇ ಸೋರುತ್ತದೆ. ಹಾಗಾಗಿ ಗೋಲಿ ಗಟ್ಟಿಯಾಗಿ ಕೂತಿದೆ ಎಂದರೆ ಸೋಡಾ ಚುರುಕಾಗಿದೆ ಎಂದು ನಂಬಬಹುದು.

ಕುಡಿಯುವ ಮೊದಲು ಒಂದು ಲೆಕ್ಕ. ನಮ್ಮಲ್ಲಿ ಮಾರುವ ಜಿನ್ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರದ್ದು. 30 ಮಿ.ಲೀ.ನಲ್ಲಿ ಸುಮಾರು 13 ಮಿ.ಲೀ. ಶುದ್ಧ ಮದ್ಯಸಾರ, ಶೇ 12ರ ವೈನ್ 60 ಮಿ.ಲೀ.ನಿಂದ ಇನ್ನೊಂದು 7. ಒಟ್ಟು 20 ಮಿ.ಲೀ., ಅಂದರೆ ಸುಮಾರು 16 ಗ್ರಾಂ. ಹುಳಿ, ಸಿಹಿ, ತಂಪು ಮೂರೂ ಸೇರಿ ಇದನ್ನು ಮರೆಮಾಚುವುದರಿಂದ ಎರಡನೆಯ ಲೋಟ ಬೇಗ ಕೈಗೆ ಬರುತ್ತದೆ. ಗುಳ್ಳೆಯಿರುವ ಶಾಂಪೇನ್ ಕುಡಿದವರ ರಕ್ತದಲ್ಲಿ ಮದ್ಯ, ಗುಳ್ಳೆ ತೆಗೆದದ್ದನ್ನು ಕುಡಿದವರಿಗಿಂತ ಬೇಗ ಏರಿದ್ದನ್ನು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 2003ರಲ್ಲಿ ಅಳೆದಿದ್ದಾರೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದ್ದರಿಂದ ಇದನ್ನು ಊಟದ ಮೊದಲು, ಏನಾದರೂ ತಿಂದುಕೊಂಡು, ಒಂದು ಲೋಟಕ್ಕೆ ನಿಲ್ಲಿಸುವ ಪಾನೀಯವೆಂದೇ ಇಟ್ಟುಕೊಳ್ಳಿ. ಗಾಡಿ ಓಡಿಸುವವರಿಗೆ, ಗರ್ಭಿಣಿಯರಿಗೆ, ಔಷಧ ತೆಗೆದುಕೊಳ್ಳುತ್ತಿರುವವರಿಗೆ, ಎಳೆಯರಿಗೆ ಅದೂ ಬೇಡ.

ಮನೆಗೆ ಬಂದವರಲ್ಲಿ ಕುಡಿಯದವರು ಇದ್ದೇ ಇರುತ್ತಾರೆ. ಅವರ ಕೈಗೆ ಪೆಪ್ಸಿಯ ಪ್ಲಾಸ್ಟಿಕ್ ಲೋಟ ಕೊಡುವುದು ನನಗೆ ಸರಿಬರುವುದಿಲ್ಲ. ಪಾಕದ ಸಕ್ಕರೆ ಕರಗುತ್ತಿರುವಾಗ ಒಂದು ಚಮಚ ಕುಟ್ಟಿದ ಕೊತ್ತಂಬರಿ ಬೀಜ, ಎರಡು ಏಲಕ್ಕಿ, ಗಜನಿಂಬೆಯ ಸಿಪ್ಪೆ ಹಾಕಿ, ಆರಿದ ಮೇಲೆ ಸೋಸಿ ಬೇರೆ ಸೀಸೆಯಲ್ಲಿ ತುಂಬಿಡಿ. ಜಿನ್ನಿನ ಪರಿಮಳದಲ್ಲಿ ಅರ್ಧ ಅದರಲ್ಲೇ ಬಂದಿರುತ್ತದೆ. ಈ ಪಾಕ 15 ಮಿ.ಲೀ., ನಿಂಬೆರಸ 12, ಐಸ್ ಜೊತೆ ಕುಲುಕಿ ಸೋಸಿ, ಮೇಲೆ 120 ಮಿ.ಲೀ. ತಣ್ಣನೆಯ ಹೊಸ ಸೋಡಾ. ಅದೇ ಬಗೆಯ ಲೋಟದಲ್ಲಿ, ಅದೇ ಸಿಪ್ಪೆ ಹಿಚುಕಿ, ಮೊದಲು ಅವರಿಗೇ ಕೊಡಿ.